ಇಸಿಎಂ (ಎಂಜಿನ್ನಿನ ಕಂಪ್ಯೂಟರ್) ರೀಮ್ಯಾಪ್ ಮಾಡಿಸಿದ್ರ ಗಾಡಿಗೆ ಖರೇನ ಕಸು ಬರ್ತದೇನ್ರಿ? ಹತ್ತು ಗಾಲಿ, ಬಿಎಸ್4, ಕಲಬುರಗಿ–ಹುಮನಾಬಾದ್ ಲೈನ್

ಫರ್ಸಿ ಲೋಡ್, ಶಹಾಬಾದ್

ಎಲ್ಲಾರಿಗೂ ನಮಸ್ಕಾರ್ರಿ. ಗಾಡಿ 2019ರದ್ದು, ಆರು ಸಿಲಿಂಡರ್ ಕಾಮನ್ ರೈಲ್, ಬಿಎಸ್4, 24 ವೋಲ್ಟ್. ಪುಸ್ತಕದಾಗ ಟಾರ್ಕ್ (ತಿರುಗಿಸೋ ಕಸು) 850 ಎನ್‌ಎಂ ಅಂತ ಅದ. ಲೋಡ್ ಫರ್ಸಿ ಕಲ್ಲು, ಒಮ್ಮೊಮ್ಮೆ ಸಿಮೆಂಟ್ ಚೀಲ. ಮೊದ್ಲ ಲೋಡಿನ ಮ್ಯಾಲ ಲೀಟರಿಗೆ 3.9 ಕಿ.ಮೀ. ಕೊಡ್ತಿತ್ತು, ಈಗ 3.4. ಕಮಲಾಪುರ ದಾಟಿ ಹುಮನಾಬಾದ್ ಕಡಿ ಏರೋ ಚಡಾವಿನಾಗ ಒಂದು ಗೇರ್ ಕೆಳಗ ಇಳಿಸ್ಬೇಕಾಗ್ಲತ್ತದ. ಚೆಕ್ ಲೈಟ್ ಬಂದಿಲ್ಲ, ಕರೀ ಹೊಗಿನೂ ಅಷ್ಟೇನಿಲ್ಲ.

ಒಬ್ರು ಇಸಿಎಂ ರೀಮ್ಯಾಪ್ ಮಾಡ್ತೀವಿ ಅಂದಾರ. 18,000 ರೂಪಾಯಿ, ಪವರ್ ನೂರಕ್ಕ 15 ಜಾಸ್ತಿ, ಮೈಲೇಜ್ ಒಂದು ಕಿ.ಮೀ. ಜಾಸ್ತಿ ಅಂತ ಮಾತು. ತಿಳಿದವ್ರು ಬಿಡಿಸಿ ಹೇಳ್ರಿ, ಮಾಡಿಸ್ಬೇಕೋ ಬ್ಯಾಡೋ?

ಪಂಪ್ ಬೆಂಚ್, ಕಲಬುರಗಿ

ಅಣ್ಣಾರ, ಸದ್ಯಕ್ಕ ಬ್ಯಾಡ. ಕಾರಣ ಹೇಳ್ತೀನಿ.

ಇಸಿಎಂ ಒಳಗಿನ ಮ್ಯಾಪ್ ಅಂದ್ರ ಒಂದು ಕೋಷ್ಟಕ. ಇಷ್ಟು ಆರ್‌ಪಿಎಂಗ, ಇಷ್ಟು ಗಾಳಿ ಬಂದ್ರ, ಇಷ್ಟು ಡೀಸೆಲ್ ಬಿಡು ಅಂತ ಬರೆದಿರ್ತದ. ಗಾಳಿ ಕಡಿಮಿ ಬಂದ್ರ ಸ್ಮೋಕ್ ಲಿಮಿಟರ್ ಅನ್ನೋದು ಡೀಸೆಲ್ ತಾನಾಗಿ ಕಡಿಮಿ ಮಾಡ್ತದ. ಒಂದು ಕಿಲೋ ಡೀಸೆಲ್ ಪೂರ್ತಿ ಉರೀಲಿಕ್ಕ ಲೆಕ್ಕದ ಪ್ರಕಾರ ಸುಮಾರು 14.5 ಕಿಲೋ ಗಾಳಿ ಬೇಕು. ಆದ್ರ ಸಿಲಿಂಡರಿನಾಗ ಎರಡೂ ಪೂರ್ತಿ ಕಲೀಲಿಕ್ಕ ವ್ಯಾಳ್ಯಾ ಇರಂಗಿಲ್ಲ, ಅದಕ್ಕ ಗಾಳಿ 18 ಕಿಲೋದ ಆಸುಪಾಸಿಗಿ ಇಳಿದ್ರನ ಹೊಗಿ ಕಾಣಲಿಕ್ಕ ಚಾಲು ಆಗ್ತದ. ನಿಮ್ಮ ಗಾಡಿ ಹೊಗಿ ಬಿಡವಲ್ದು, ಲೈಟೂ ಇಲ್ಲ, ಆದ್ರ ಕಸು ಇಲ್ಲ. ಅಂದ್ರ ಇಸಿಎಂ ತನ್ನ ಕೆಲಸ ಸರಿಯಾಗೇ ಮಾಡ್ಲತ್ತದ. ಗಾಳಿ ಕಡಿಮಿ ಬರ್ಲತ್ತದ ಅಂತ ಡೀಸೆಲ್ ಕಡಿಮಿ ಬಿಡ್ಲತ್ತದ.

ಇಂಥಾ ಗಾಡಿಗಿ ರೀಮ್ಯಾಪ್ ಮಾಡೋದಂದ್ರ ಆ ಕಡಿವಾಣ ಬಿಚ್ಚೋದು. ಗಾಳಿ ಮೊದ್ಲಿನಷ್ಟೇ ಇರ್ತದ, ಡೀಸೆಲ್ ಹೆಚ್ಚಾಗ್ತದ. ಆ ಹೆಚ್ಚಿನ ಡೀಸೆಲ್ ತಡವಾಗಿ, ಪಿಸ್ಟನ್ ಕೆಳಗ ಇಳಿಯೋ ಹೊತ್ತಿನಾಗ ಉರೀತದ. ತಳ್ಳೋ ಕೆಲಸಕ್ಕ ಬರೋ ಬದಲು ಎಕ್ಸಾಸ್ಟಿಗಿ ಶಾಖ ಆಗಿ ಹೋಗ್ತದ. ಟರ್ಬೋ (ಹೊಗಿಯ ಒತ್ತಿನಿಂದ ತಿರುಗಿ ಎಂಜಿನ್ನಿಗಿ ಗಾಳಿ ತುಂಬೋ ಪಂಕಾ) ಟರ್ಬೈನಿನ ಮುಂದ 700 ಡಿಗ್ರಿ ದಾಟಿ ಬಹಳ ಹೊತ್ತು ನಿಂತ್ರ ಅಲ್ಯುಮಿನಿಯಂ ಪಿಸ್ಟನ್ನಿನ ಬಾಯಿ ಅಂಚು, ಟರ್ಬೋ ಶಾಫ್ಟಿನ ಸೀಲು, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇವು ಮೊದ್ಲ ಹೋಗ್ತಾವ. ಒಂದು ಚಡಾವಿನಾಗ ಹೋಗಂಗಿಲ್ಲ. ಎರಡು ಬ್ಯಾಸಿಗಿಯೊಳಗ ಹೋಗ್ತಾವ.

ಮೊದ್ಲ ಈ ನಾಲ್ಕು ರೀಡಿಂಗ್ ತಗೋರಿ. ಪೂರಾ ಲೋಡ್, ಅದೇ ಚಡಾವು, ಆಕ್ಸಿಲರೇಟರ್ ಪೂರಾ ಒತ್ತಿ, 1400 ಆರ್‌ಪಿಎಂ ಹತ್ರ 20 ಸೆಕೆಂಡ್ ಹಿಡೀಬೇಕು. ಬೂಸ್ಟ್ (ಟರ್ಬೋ ತುಂಬೋ ಗಾಳಿಯ ಒತ್ತಡ): ಇಸಿಎಂ ಬೇಡಿಕೆ ಎಷ್ಟು, ಬಂದದ್ದು ಎಷ್ಟು. ಇನ್‌ಟೇಕ್ ಮ್ಯಾನಿಫೋಲ್ಡ್ ಗಾಳಿಯ ಉಷ್ಣತೆ. ರೈಲ್ ಪ್ರೆಶರ್ (ಇಂಜೆಕ್ಟರಿಗಿ ಹೋಗೋ ಡೀಸೆಲ್ಲಿನ ಒತ್ತಡ) ಬೇಡಿಕೆ ಎಷ್ಟು, ಬಂದದ್ದು ಎಷ್ಟು. ಕೂಲಂಟ್ ಉಷ್ಣತೆ. ಡ್ರೈವರ್ ಸ್ಕ್ಯಾನರ್ ನೋಡಬಾರ್ದು, ಬಾಜೂಕ ಇನ್ನೊಬ್ರು ಕೂತು ರೆಕಾರ್ಡ್ ಮಾಡ್ರಿ.

ವೈರಿಂಗ್ ಕೆಲಸ, ಬೀದರ್

ಪಂಪ್ ಬೆಂಚ್ ಅಣ್ಣಾರ ಮಾತಿಗಿ ಒಂದು ಸೇರಿಸ್ತೀನ್ರಿ. ಬೂಸ್ಟ್ ಓದೋವಾಗ ಬಹಳ ಮಂದಿ ಎಡವೋ ಜಾಗ ಇದು. ಕೆಲವು ಸ್ಕ್ಯಾನರ್ ಹೊರಗಿನ ಹವಾ ಒತ್ತಡ ಸೇರಿಸಿ ತೋರಸ್ತಾವ, ಕೆಲವು ಕಳೆದು ತೋರಸ್ತಾವ. ಗೊತ್ತಾಗೋದು ಸರಳ ಅದ. ಎಂಜಿನ್ ಬಂದ್, ಕೀ ಆನ್ ಮಾಡಿ ಬೂಸ್ಟ್ ನೋಡ್ರಿ. ಕಲಬುರಗಿಯೊಳಗ ಸುಮಾರು 96 ಕಿಲೋಪಾಸ್ಕಲ್, ಬೀದರಿನಾಗ ಸುಮಾರು 94 ತೋರಿಸಿದ್ರ ಅದು ಹವಾ ಸೇರಿಸಿದ ಲೆಕ್ಕ. ಸೊನ್ನಿ ತೋರಿಸಿದ್ರ ಬರೇ ಟರ್ಬೋ ಲೆಕ್ಕ. ಇದು ಗೊತ್ತಿಲ್ಲದ "250 ಬರ್ತದ, ಟರ್ಬೋ ಜೋರದ" ಅಂತ ತಿಳ್ಕೊಂಡ್ರ ಪೂರಾ ತಪ್ಪು ದಾರಿ.

ಕೀ ಆನ್ ಇದ್ದಾಗ್ಲೇ ಬೂಸ್ಟ್ ಸೆನ್ಸರ್ ಮತ್ತು ಹವಾ ಒತ್ತಡದ ಸೆನ್ಸರ್ ಹೋಲಿಸಿ ನೋಡ್ರಿ. ಎರಡರ ನಡುವ 5–6 ಕಿಲೋಪಾಸ್ಕಲ್‌ಗಿಂತ ಹೆಚ್ಚು ಫರಕ್ ಇದ್ರ ಬೂಸ್ಟ್ ಸೆನ್ಸರ್ ತೆಗೆದು ಮಸಿ ಒರೆಸ್ರಿ. ಇಜಿಆರ್ (ಸುಟ್ಟ ಹೊಗಿ ಸ್ವಲ್ಪ ವಾಪಸ್ ಎಂಜಿನ್ನಿಗಿ ಬಿಡೋ ವ್ಯವಸ್ಥಾ) ಇರೋ ಗಾಡಿಯೊಳಗ ಸೆನ್ಸರಿನ ತೂತು ಎಣ್ಣಿ ಮಸಿಯಿಂದ ಮುಚ್ಚಿರ್ತದ. ಕಡ್ಡಿ ಹಾಕಿ ಕೆದರಬ್ಯಾಡ್ರಿ, ಒಳಗಿನ ಪರದಿ ಹರೀತದ. ಸೆನ್ಸರ್ ಕ್ಲೀನರ್ ಹೊಡೆದು, ಬಾಯಿ ಕೆಳಗ ಮಾಡಿ ಒಣಗಲಿಕ್ಕ ಬಿಡ್ರಿ.

ಸ್ಕ್ಯಾನರ್ 24 ವೋಲ್ಟಿಂದು ಅದನೋ ಇಲ್ಲೋ ಖಾತ್ರಿ ಮಾಡ್ಕೋರಿ. ಕಾರಿನ 12 ವೋಲ್ಟ್ ಬ್ಲೂಟೂತ್ ಅಡಾಪ್ಟರ್ ಹಚ್ಚಿದ್ರ ಅದು ಸುಡ್ತದ, ಕೆಲವೊಮ್ಮೆ ಕ್ಯಾನ್ ಲೈನನ್ನೂ (ಗಾಡಿಯ ಕಂಪ್ಯೂಟರ್ ಒಂದಕ್ಕೊಂದು ಮಾತಾಡೋ ವೈರ್) ಕೆಡಸ್ತದ. ಸ್ಕ್ಯಾನರ್ ಗಾಡಿ ಹಿಡೀದಿದ್ರ ಕೀ ಬಂದ್ ಮಾಡಿ, 16 ಪಿನ್ ಸಾಕೆಟ್ಟಿನ 6 ಮತ್ತು 14ರ ನಡುವ ಓಮ್ ಅಳೀರಿ. 60 ಓಮ್ ಹತ್ರ ಬರಬೇಕು. 120 ಬಂದ್ರ ಲೈನಿನ ತುದಿಗಿರೋ ಎರಡು ಟರ್ಮಿನೇಟರಿನಾಗ (ರೆಸಿಸ್ಟರ್) ಒಂದು ಬಿಟ್ಟದ ಇಲ್ಲಾ ಲೈನ್ ಕಟ್ ಆಗ್ಯದ. ದುಂಡು 9 ಪಿನ್ ಸಾಕೆಟ್ ಇದ್ರ ಸಿ ಮತ್ತು ಡಿ ಪಿನ್ ನಡುವ ಇದೇ ಅಳತಿ.

ಹತ್ತಿ ಗಾಡಿ, ಯಾದಗಿರಿ

ಶಹಾಬಾದ್ ಅಣ್ಣ, ರೀಡಿಂಗಿಗೂ ಮೊದಲು ಡ್ಯಾಶ್‌ಬೋರ್ಡಿನಲ್ಲಿ ಲೋಡ್ ಮೋಡ್ ಸ್ವಿಚ್ ಇದೆಯಾ ನೋಡಿ. ಲೈಟ್, ಮೀಡಿಯಂ, ಹೆವಿ ಅಂತ ಇರುತ್ತದೆ. ಖಾಲಿ ಬರುವಾಗ ಲೈಟ್‌ಗೆ ಹಾಕಿ, ಲೋಡ್ ತುಂಬಿದ ಮೇಲೆ ಹಾಗೇ ಬಿಟ್ಟಿದ್ದರೆ ಟಾರ್ಕ್ ಪೂರ್ತಿ ಬರುವುದೇ ಇಲ್ಲ. ಸ್ವಿಚ್ಚಿನ ಹಿಂದಿನ ಕನೆಕ್ಟರ್ ಧೂಳು ತುಂಬಿ ಬಿಟ್ಟರೂ ಕೆಲವು ಗಾಡಿಗಳು ಒಂದೇ ಮೋಡಿನಲ್ಲಿ ನಿಂತುಬಿಡುತ್ತವೆ. ಸ್ವಿಚ್ ಒತ್ತಿದರೆ ಮೀಟರಿನಲ್ಲಿ ಮೋಡ್ ಬದಲಾಗಬೇಕು, ಬರೀ ಸ್ವಿಚ್ಚಿನ ದೀಪ ನೋಡಿ ನಂಬಬೇಡಿ.

ಇನ್ನು "ಮೈಲೇಜ್ ಒಂದು ಕಿ.ಮೀ. ಜಾಸ್ತಿ" ಅನ್ನುವ ಮಾತು. ಒಳ್ಳೆಯ ಸ್ಥಿತಿಯಲ್ಲಿರುವ ಟ್ರಕ್ ಡೀಸೆಲ್ ಎಂಜಿನ್ ತನ್ನ ಅತ್ಯುತ್ತಮ ಜಾಗದಲ್ಲಿ ಒಂದು ಯೂನಿಟ್ ಕೆಲಸಕ್ಕೆ, ಅಂದರೆ ಒಂದು ಕಿಲೋವ್ಯಾಟ್ ಗಂಟೆಗೆ, ಸುಮಾರು 200 ಗ್ರಾಂ ಡೀಸೆಲ್ ತಗೊಳ್ಳುತ್ತದೆ. ಡೀಸೆಲ್ಲಿನಲ್ಲಿರುವ ಶಕ್ತಿಯಲ್ಲಿ ಅದು ನೂರಕ್ಕೆ 42 ಪಾಲು. ಅದೇ ರಸ್ತೆ, ಅದೇ ಲೋಡಿನಲ್ಲಿ 4 ಕಿ.ಮೀ. ಬರುವುದು 5 ಆಗಬೇಕೆಂದರೆ ಡೀಸೆಲ್ ಐದನೇ ಒಂದು ಭಾಗ ಇಳಿಯಬೇಕು, ಎಂಜಿನ್ ನೂರಕ್ಕೆ 52 ದಾಟಬೇಕು. ಮ್ಯಾಪ್ ಬದಲಿಸಿ ಅದು ಬರುವುದಿಲ್ಲ. ಟೈರಿನ ಎಳೆತ, ಎದುರು ಗಾಳಿ, ತಾಡಪತ್ರಿ ಹಾರಾಟ ಇವನ್ನು ಇಸಿಎಂ ಮುಟ್ಟುವುದೂ ಇಲ್ಲ. ನಿಮ್ಮ ಗಾಡಿ 3.9ರಿಂದ 3.4ಕ್ಕೆ ಇಳಿದಿದೆ. ಆ ಅರ್ಧ ಕಿ.ಮೀ. ಎಲ್ಲಿ ಸೋರುತ್ತಿದೆ ಅಂತ ಹುಡುಕಿದರೆ ಅದು ವಾಪಸ್ ಬರುತ್ತದೆ.

ಪಂಪ್ ಬೆಂಚ್, ಕಲಬುರಗಿ

ಚಡಾವಿನ ಲೆಕ್ಕಾನೂ ಹಾಕಿ ನೋಡೋಣು. ಗಾಡಿ ಲೋಡ್ ಸೇರಿ 28 ಟನ್, ಏರು ನೂರಕ್ಕ 4, ವೇಗ 25 ಕಿ.ಮೀ. ಏರು ಹತ್ತಲಿಕ್ಕ ಸುಮಾರು 11,000 ನ್ಯೂಟನ್, ಗಾಲಿ ಉರುಳಲಿಕ್ಕ ಸುಮಾರು 2,200. ಎರಡೂ ಸೇರಿ ಗಾಲಿ ಹತ್ರ 92 ಕಿಲೋವ್ಯಾಟ್ ಬೇಕು, ಗೇರ್‌ಬಾಕ್ಸ್ ಡಿಫರೆನ್ಶಿಯಲ್ ನುಂಗೋದು ಹಿಡಿದು ಎಂಜಿನ್ ಹತ್ರ 102. ಈಗ ಪವರ್ ನೂರಕ್ಕ 10 ಹೆಚ್ಚು ಮಾಡಿದ್ರ ವೇಗ 25ರಿಂದ 27.5 ಆಗ್ತದ. 3 ಕಿ.ಮೀ. ಉದ್ದದ ಏರಿನಾಗ ಉಳಿಯೋದು ಸುಮಾರು 40 ಸೆಕೆಂಡ್. ಅಷ್ಟಕ್ಕ ಕ್ಲಚ್ ಪ್ಲೇಟ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಕ್ರಾಸ್ ಎಲ್ಲಾದ್ರ ಮ್ಯಾಲ ಹೆಚ್ಚಿನ ಹೊರಿ.

ನಿಮ್ಮ ಎಂಜಿನ್ 850 ಎನ್‌ಎಂ 1400 ಆರ್‌ಪಿಎಂಗ ಕೊಟ್ರ 124.6 ಕಿಲೋವ್ಯಾಟ್. ಟಾರ್ಕನ್ನ ಆರ್‌ಪಿಎಂದಿಂದ ಗುಣಿಸಿ 9549ರಿಂದ ಭಾಗಿಸೋದು, ಅಷ್ಟ. ಈಗ ನಿಮಗ ಅದೂ ಪೂರಾ ಬರವಲ್ದು ಅನ್ನೋದು ನನ್ನ ಅನುಮಾನ. ರೀಡಿಂಗ್ ಹಾಕ್ರಿ.

ಫರ್ಸಿ ಲೋಡ್, ಶಹಾಬಾದ್

ಲೋಡ್ ಸ್ವಿಚ್ ಸರಿ ಅದ, ಹೆವಿಗಿ ಬದಲಾಗ್ತದ. ರೀಡಿಂಗ್ ಹಿಂಗ ಅವ. ಹೊರಗಿನ ಬಿಸಿಲು 41 ಡಿಗ್ರಿ.

ಬೂಸ್ಟ್ ಬೇಡಿಕೆ 160, ಬಂದದ್ದು 125 ಕಿಲೋಪಾಸ್ಕಲ್. ಕೀ ಆನ್‌ದಾಗ ಸೊನ್ನಿ ತೋರಸ್ತದ.
ಮ್ಯಾನಿಫೋಲ್ಡ್ ಗಾಳಿ 81 ಡಿಗ್ರಿ.
ರೈಲ್ ಬೇಡಿಕೆ 1,400 ಬಾರ್, ಬಂದದ್ದು 1,385ರಿಂದ 1,405.
ಕೂಲಂಟ್ 96.

ಪಂಪ್ ಬೆಂಚ್, ಕಲಬುರಗಿ

ಸಿಕ್ತು ನೋಡ್ರಿ. ರೈಲ್ ಸರಿ ಅದ, ಪಂಪ್, ಇಂಜೆಕ್ಟರ್ ಸದ್ಯಕ್ಕ ಮುಟ್ಟೋದು ಬ್ಯಾಡ. ರೋಗ ಗಾಳಿಯೊಳಗ ಅದ, ಅದೂ ಎರಡು ಕಡಿ.

ಹವಾ ಸೇರಿಸಿ ಬೂಸ್ಟ್ 256 ಇರಬೇಕಾದದ್ದು 221. ಅಲ್ಲೇ ನೂರಕ್ಕ 14 ಹೋಯ್ತು. ಮ್ಯಾನಿಫೋಲ್ಡ್ ಗಾಳಿ ಈ ಬಿಸಿಲಿನಾಗ 52ರಿಂದ 58 ಇದ್ರ ಚಲೋ, ನಿಮ್ದು 81. ಬಿಸಿ ಗಾಳಿ ತೆಳು ಆಗ್ತದ, ಅಲ್ಲಿ ಇನ್ನೊಂದು 8 ಹೋಯ್ತು. ಎರಡೂ ಸೇರಿದ್ರ ನೂರು ಪಾಲು ಗಾಳಿ ಬರೋ ಜಾಗಕ್ಕ 79 ಪಾಲು. ಇದ್ರ ಮ್ಯಾಲ ರೀಮ್ಯಾಪ್ ಮಾಡಿದ್ರ ಏನಾಗ್ತಿತ್ತು ನೀವೇ ಎಣಿಸ್ರಿ.

ಉಷ್ಣತಿ ಹೆಚ್ಚು ಅಂದ್ರ ಇಂಟರ್‌ಕೂಲರ್ (ಟರ್ಬೋದಿಂದ ಬಂದ ಬಿಸಿ ಗಾಳಿ ತಣ್ಣಗ ಮಾಡೋ ಜಾಳಿ) ಹೊರಗಿನಿಂದ ಕಟ್ಟಿಕೊಂಡದ. ನಮ್ಮ ಭಾಗದ ಗಾಡಿಗಿ ಇದು ದೊಡ್ಡ ರೋಗ. ವಾಡಿ, ಸೇಡಂ, ಶಹಾಬಾದ್ ಕಡಿ ಸಿಮೆಂಟ್ ಧೂಳು, ಸುಣ್ಣಕಲ್ಲಿನ ಪುಡಿ ರೆಕ್ಕಿಗಳ ನಡುವ ಕೂಡ್ತದ, ಮಳಿ ನೀರು ಬಿದ್ದಾಗ ಗಿಲಾಯಿ ಆದಂಗ ಗಟ್ಟಿ ಆಗ್ತದ. ಮುಂದಿನಿಂದ ನೋಡಿದ್ರ ಸ್ವಚ್ಛ ಕಾಣ್ತದ. ಇಂಟರ್‌ಕೂಲರ್ ಮತ್ತು ರೇಡಿಯೇಟರ್ ನಡುವಿನ ಎರಡು ಬೆರಳಿನ ಸಂದಿಯೊಳಗ ಟಾರ್ಚ್ ಬಿಟ್ಟು ನೋಡ್ರಿ, ಅಲ್ಲಿ ಬೂದಿ ಬಣ್ಣದ ಕಂಬಳಿ ಹೊದಿಸಿದಂಗ ಇರ್ತದ. ಎಂಜಿನ್ನಿನ ಎಣ್ಣಿ ಆವಿ ಧೂಳಿನ ಜೋಡಿ ಕೂಡಿ ಮೇಣದಂಗ ಅಂಟಿರ್ತದ.

ಸ್ವಚ್ಛ ಮಾಡೋ ಕ್ರಮ ತಪ್ಪಬ್ಯಾಡ್ರಿ. ಮೊದ್ಲ ನೀರು ಹಾಕೋದೇ ಬ್ಯಾಡ. ಸಿಮೆಂಟಿಗಿ ನೀರು ತಾಗಿದ್ರ ಇನ್ನಷ್ಟು ಕಟ್ಟತದ. ಇಂಟರ್‌ಕೂಲರಿನ ಬೋಲ್ಟ್ ಬಿಚ್ಚಿ ಮುಂದಕ್ಕ ವಾಲಿಸಿ, ಎಂಜಿನ್ ಬಾಜೂಕಿಂದ ಹೊರಗ ಒಣ ಗಾಳಿ ಹೊಡೀರಿ, 2 ಬಾರ್‌ಗಿಂತ ಹೆಚ್ಚು ಬ್ಯಾಡ. ಧೂಳು ಬರೋದು ನಿಂತ ಮ್ಯಾಲ ಅಲ್ಯುಮಿನಿಯಂಗ ನಡೆಯೋ ಡಿಗ್ರೀಸರ್ ಹೊಡೆದು ಹತ್ತು ನಿಮಿಷ ಬಿಟ್ಟು, ನೀರು ನೆಟ್ಟಗ, ಒಂದು ಅಡಿ ದೂರದಿಂದ. ಓರೆಯಾಗಿ ಹೊಡೆದ್ರ ರೆಕ್ಕಿ ಮಡಚಿ ದಾರಿ ಕಾಯಂ ಬಂದ್. ಕಾಸ್ಟಿಕ್ ಸೋಡಾ, ಆಸಿಡ್ ಎರಡೂ ಬ್ಯಾಡ, ಅಲ್ಯುಮಿನಿಯಂ ತಿಂತಾವ.

ಬೂಸ್ಟ್ ಕಡಿಮಿ ಅನ್ನೋದಕ್ಕ ಲೀಕ್ ಟೆಸ್ಟ್. ಟರ್ಬೋದಿಂದ ಬರೋ ಹೋಸ್ ಬಿಚ್ಚಿ ಬಾಯಿಗಿ ವಾಲ್ವ್ ಇರೋ ಪ್ಲಗ್, ಮ್ಯಾನಿಫೋಲ್ಡ್ ಕಡಿ ಬಾಯಿಗಿ ಇನ್ನೊಂದು ಪ್ಲಗ್. ಎರಡಕ್ಕೂ ಸರಪಳಿ ಕಟ್ರಿ, ಪ್ಲಗ್ ಸಿಡಿದ್ರ ಎದಿ ಮುರೀತದ. ರೆಗ್ಯುಲೇಟರ್ ಇಟ್ಟು 2 ಬಾರ್ ತುಂಬಿ ಗಾಳಿ ಬಂದ್ ಮಾಡ್ರಿ. 15 ಸೆಕೆಂಡಿನಾಗ ಅರ್ಧ ಬಾರ್‌ಗಿಂತ ಹೆಚ್ಚು ಇಳೀಬಾರ್ದು. ಇಳಿದ್ರ ಸಾಬೂನಿನ ನೀರು. ಹೋಸಿನ ಕೆಳ ಭಾಗ ಕೈ ಹಾಕಿ ನೋಡ್ರಿ, ಕ್ಲಾಂಪಿನ ಅಂಚಿಗಿ ಕರೀ ಎಣ್ಣಿ ಗೆರಿ ಕಂಡ್ರ ಲೀಕ್ ಅಲ್ಲೇ.

ಸೇಡಂ ಟಿಪ್ಪರ್

ನಡಕ ಬಂದದ್ದಕ್ಕ ಕ್ಷಮಿಸ್ರಿ. ನಮ್ಮದು ಬಿಎಸ್6 ಟಿಪ್ಪರ್. ಡಿಪಿಎಫ್ (ಹೊಗಿಯ ಮಸಿ ಹಿಡಿಯೋ ಫಿಲ್ಟರ್) ಲೈಟ್ ವಾರಕ್ಕೊಮ್ಮೆ ಬರ್ತದ, ಡಿಇಎಫ್ (ಹೊಗಿಗಿ ಹೊಡಿಯೋ ಯೂರಿಯಾ ನೀರು) ಖರ್ಚೂ ಬಹಳ. ಡಿಪಿಎಫ್, ಯೂರಿಯಾ ಎರಡೂ ಸಾಫ್ಟ್‌ವೇರಿನಾಗ ಬಂದ್ ಮಾಡ್ತೀವಿ ಅಂತಾರ. ಮಾಡಿಸಿದ್ರ ಏನಾಗ್ತದ?

ವೈರಿಂಗ್ ಕೆಲಸ, ಬೀದರ್

ಮಾಡಿಸಬ್ಯಾಡ್ರಿ ಅಣ್ಣ. ಒಂದು, ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ಸ್ವರೂಪ ಬದಲಿಸೋ ಹಂಗಿಲ್ಲ. 2019ರ ತಿದ್ದುಪಡಿಯೊಳಗ ಬಂದ 182ಎ ಕಲಂ ಪ್ರಕಾರ ಹಂಗ ಬದಲಿಸಿದ ಮಾಲೀಕರಿಗಿ ಆರು ತಿಂಗಳ ತನಕ ಜೈಲು ಇಲ್ಲಾ ಒಂದೊಂದು ಬದಲಾವಣಿಗಿ 5,000 ರೂಪಾಯಿ ದಂಡ, ಇಲ್ಲಾ ಎರಡೂ. ಹೊಗಿ ಮಿತಿ ಮೀರಿದ್ದಕ್ಕ 190ನೇ ಕಲಂ ಬ್ಯಾರೆ, ಅಲ್ಲಿ 10,000 ರೂಪಾಯಿ ತನಕ. ಸಾಹುಕಾರ್ರು ಇದನ್ನ ಓದಿ ತಿಳ್ಕೊಂಡು ಮುಂದಿನ ಮಾತು ಆಡ್ಬೇಕು.

ಎರಡು, ಆ ಹೊಗಿ ಎಲ್ಲೂ ಹೋಗಂಗಿಲ್ಲ. ಗಣಿ, ಫ್ಯಾಕ್ಟರಿ ಗೇಟಿನ ಮುಂದ ನಾಲ್ಕು ತಾಸು ಲೈನ್ ನಿಂತಿರ್ತೀರಿ, ಹಿಂದಿನ ಗಾಡಿಯ ಕ್ಲೀನರ್ ಹುಡುಗ್ರು ಅದನ್ನೇ ಉಸಿರಾಡ್ತಾರ. ಡಿಪಿಎಫ್ ಹಿಡಿಯೋದು ಕಣ್ಣಿಗಿ ಕಾಣದ ಸಣ್ಣ ಮಸಿ, ಅದೇ ಎದಿಯೊಳಗ ಇಳಿಯೋದು.

ಮೂರು, ನಿಮ್ಮ ರೋಗಕ್ಕ ಅದು ಔಷಧಿ ಅಲ್ಲ. ಟಿಪ್ಪರಿನಾಗ ಡಿಪಿಎಫ್ ತುಂಬೋದು ಸಣ್ಣ ಟ್ರಿಪ್ಪು ಮತ್ತು ಐಡಲ್‌ನಿಂದ. ಮಸಿ ಸುಡಲಿಕ್ಕ ಒಳಗ 550–600 ಡಿಗ್ರಿ ಬೇಕು. ಎರಡು ಕಿ.ಮೀ. ಓಡಿ ಅರ್ಧ ತಾಸು ಐಡಲ್ ನಿಂತ್ರ ಅದು ಬರಂಗಿಲ್ಲ. ಲೈನಿನಾಗ ಐಡಲ್ ಬಿಡೋ ಬದಲು ಎಂಜಿನ್ ಬಂದ್ ಮಾಡ್ರಿ. ದಿನಕ್ಕೊಮ್ಮೆ 20–30 ನಿಮಿಷ ಲೋಡಿನ ಮ್ಯಾಲ ಒಂದೇ ಸಮ ಓಡಿಸ್ರಿ. ಲೈಟ್ ಬಂದ ಕೂಡಲೇ ನಿಲ್ಲಿಸಿ ರೀಜೆನ್ (ಒಳಗಿನ ಮಸಿ ಸುಡೋ ಕೆಲಸ) ಮಾಡ್ರಿ, ಮುಂದ ಹಾಕಬ್ಯಾಡ್ರಿ. ಮಾಡೋವಾಗ ಗಾಡಿ ತೊಗರಿ ಕಟ್ಟಿಗಿ, ಜ್ವಾಳದ ಕಣಕಿ, ಹತ್ತಿ ಇರೋ ಜಾಗದಿಂದ ದೂರ ಇರಬೇಕು. ಸೈಲೆನ್ಸರಿನ ಗಾಳಿ ಒಣ ಹುಲ್ಲಿಗಿ ಬೆಂಕಿ ಹಚ್ಚತದ.

ರೀಜೆನ್ ಆದ ಮ್ಯಾಲೂ ವಾರದಾಗ ತುಂಬಿದ್ರ ಮಸಿ ಎಲ್ಲಿಂದ ಬರ್ಲತ್ತದ ನೋಡ್ರಿ: ಬೂಸ್ಟ್ ಲೀಕ್, ಇಂಜೆಕ್ಟರ್, ಟರ್ಬೋ ಎಣ್ಣಿ. ಎಸ್‌ಪಿಎನ್ 3251 (ಸ್ಕ್ಯಾನರ್ ತೋರ್ಸೋ ಫಾಲ್ಟ್ ನಂಬರ್) ಬಂದ್ರ ಡಿಪಿಎಫ್ ಒತ್ತಡದ ಫರಕ್. ಎಫ್‌ಎಂಐ (ಫಾಲ್ಟಿನ ಬಗೆ ಹೇಳೋ ನಂಬರ್) ಸೊನ್ನಿ ಇದ್ರ ಖರೇನ ತುಂಬ್ಯದ. 3 ಇಲ್ಲಾ 4 ಇದ್ರ ಅದು ವೈರಿಂಗ್, ಡಿಪಿಎಫ್ ಬಿಚ್ಚಬ್ಯಾಡ್ರಿ. ಆ ಸೆನ್ಸರಿಗಿ ಹೋಗೋ ಎರಡು ರಬ್ಬರ್ ಪೈಪ್ ಸೀಳಿದ್ರೂ ತಪ್ಪು ತೋರಸ್ತದ.

ಎಸ್‌ಪಿಎನ್ 4364 ಬಂದ್ರ ಎಸ್‌ಸಿಆರ್ (ಡಿಇಎಫ್ ಬಳಸಿ ಹೊಗಿ ಶುದ್ಧ ಮಾಡೋ ಭಾಗ) ಕೆಲಸ ಕಮ್ಮಿ ಆಗ್ಯದ ಅಂತ ಅರ್ಥ. ಕ್ಯಾಟಲಿಸ್ಟ್ ಬದಲಿಸೋ ಮೊದ್ಲ ರಿಫ್ರ್ಯಾಕ್ಟೋಮೀಟರಿನಾಗ ಡಿಇಎಫ್ ಅಳೀರಿ, ಯೂರಿಯಾ ನೂರಕ್ಕ 32.5 ಇರಬೇಕು. ಬೋರ್‌ವೆಲ್ ನೀರು ಬೆರೆಸಿದ್ದು, ಹೊಲದ ಯೂರಿಯಾ ಕರಗಿಸಿದ್ದು ಹಾಕಿದ್ರ ಸುಣ್ಣ ಕಟ್ಟಿ ಡೋಸಿಂಗ್ ನಾಜಲ್ ಬಂದ್. ಡಿಇಎಫ್ ಕೊಳವಿ, ಡಬ್ಬಿ ಬ್ಯಾರೇನೇ ಇಡ್ರಿ. ಡೀಸೆಲ್ ಒಂದು ಹನಿ ಬಿದ್ರೂ ಟ್ಯಾಂಕಿನ ಸೀಲು ಉಬ್ತಾವ.

ಫರ್ಸಿ ಲೋಡ್, ಶಹಾಬಾದ್

ಕೆಲಸ ಆಯ್ತ್ರಿ. 2 ಬಾರ್ ಹಾಕಿದ್ರ 15 ಸೆಕೆಂಡಿನಾಗ ಒಂದು ಬಾರ್‌ಕ್ಕಿಂತ ಕೆಳಗ ಇಳೀತು. ಟರ್ಬೋ ಕಡಿ ಹೋಸಿನ ತಳದಾಗ ಬೆರಳಿನುದ್ದ ಸೀಳಿತ್ತು. ಗಾಳಿ ತುಂಬಿದಾಗಷ್ಟ ಬಾಯಿ ಬಿಡ್ತಿತ್ತು, ಒತ್ತಡ ಇಳಿದ್ರ ಮತ್ತ ಕೂಡ್ತಿತ್ತು. ಹೊಸ ಸಿಲಿಕಾನ್ ಹೋಸ್, ಸ್ಪ್ರಿಂಗ್ ಇರೋ ಟಿ-ಬೋಲ್ಟ್ ಕ್ಲಾಂಪ್ ಎರಡು, ಇಂಟರ್‌ಕೂಲರ್ ಸ್ವಚ್ಛ, ಏರ್ ಫಿಲ್ಟರ್. ಒಟ್ಟು ಖರ್ಚು 6,200 ರೂಪಾಯಿ.

ಅದೇ ಚಡಾವು, ಅದೇ ಲೋಡ್: ಬೂಸ್ಟ್ 157, ಮ್ಯಾನಿಫೋಲ್ಡ್ 56 ಡಿಗ್ರಿ. ಗೇರ್ ಇಳಿಸೋದು ಬೇಕಾಗಿಲ್ಲ. ಮೈಲೇಜ್ ಇನ್ನಾ ನೋಡಿಲ್ಲ.

ಹತ್ತಿ ಗಾಡಿ, ಯಾದಗಿರಿ

ಮೈಲೇಜ್ ನೋಡುವಾಗ ಟ್ಯಾಂಕ್ ಬಾಯಿತನಕ ತುಂಬಿಸಿ, ಮೂರು ಟ್ರಿಪ್ ಆದ ಮೇಲೆ ಅದೇ ಪಂಪಿನಲ್ಲಿ, ಅದೇ ಜಾಗದಲ್ಲಿ ಗಾಡಿ ನಿಲ್ಲಿಸಿ ಮತ್ತೆ ಬಾಯಿತನಕ. ಒಂದು ಟ್ರಿಪ್ಪಿನ ಲೆಕ್ಕ ನಂಬಬೇಡಿ. ಗಾಡಿ ಸ್ವಲ್ಪ ವಾಲಿ ನಿಂತರೂ ಟ್ಯಾಂಕಿನಲ್ಲಿ ಐದಾರು ಲೀಟರ್ ಹೆಚ್ಚುಕಡಿಮೆ ಆಗುತ್ತದೆ. ಟೈರ್ ಗಾಳಿ ಬೆಳಿಗ್ಗೆ ತಣ್ಣಗಿದ್ದಾಗ ನೋಡಿ. ಮಧ್ಯಾಹ್ನ ಕಾದ ಟೈರಿನ ಗಾಳಿ ಬಿಡಬೇಡಿ.

ಫರ್ಸಿ ಲೋಡ್, ಶಹಾಬಾದ್

ಆಯ್ತ್ರಿ. ಕೊನೀ ಪ್ರಶ್ನಿ. ಸರ್ವಿಸ್ ಸೆಂಟರಿನಾಗ ಈ ಇಸಿಎಂಗ ಕಂಪನಿಯ ಹೊಸ ಕ್ಯಾಲಿಬ್ರೇಶನ್ (ಮ್ಯಾಪ್ ಫೈಲ್) ಬಂದದ ಅಂದ್ರು. ಅದನ್ನ ಹಾಕಿಸ್ಬಹುದೇನು? ಅದೂ ರೀಮ್ಯಾಪೇ ಅಲ್ಲೇನು?

ವೈರಿಂಗ್ ಕೆಲಸ, ಬೀದರ್

ಕೆಲಸ ಒಂದೇ, ಫೈಲ್ ಬ್ಯಾರೆ. ಅದು ಕಂಪನಿಯವ್ರು ಅದೇ ಎಂಜಿನ್ನಿಗಿ ಪರೀಕ್ಷಾ ಮಾಡಿ ಬಿಟ್ಟಿದ್ದು. ಹಾಕಿಸ್ರಿ. ಮುಂದ ನಿಂತು ಇವಷ್ಟು ನೋಡ್ಕೋರಿ.

ಬ್ಯಾಟರಿ. ಫ್ಲ್ಯಾಶ್ (ಹೊಸ ಫೈಲ್ ಬರೆಯೋದು) ಆಗೋವಾಗ ವೋಲ್ಟೇಜ್ ಬಿದ್ರ ಇಸಿಎಂ ಅರ್ಧ ಬರೆದು ನಿಲ್ತದ, ಮುಂದ ಗಾಡಿ ಚಾಲು ಆಗಂಗಿಲ್ಲ, ಇಸಿಎಂ ಬಿಚ್ಚಿ ಬೆಂಚ್ ಮ್ಯಾಲ ತಗೋಬೇಕಾಗ್ತದ. ಸಪೋರ್ಟ್ ಚಾರ್ಜರ್ ಹಚ್ಚಿ 26 ವೋಲ್ಟ್ ಹತ್ರ ಒಂದೇ ಸಮ ಇಡಬೇಕು. ಹಳೀ ಟ್ರಾನ್ಸ್‌ಫಾರ್ಮರ್ ಚಾರ್ಜರ್ ಬ್ಯಾಡ, ಅದು ಅಲೆ ಅಲೆಯಾಗಿ ಕೊಡ್ತದ. ಹೆಡ್‌ಲೈಟ್, ಫ್ಯಾನ್, ಟೇಪ್, ಜಿಪಿಎಸ್ ಎಲ್ಲಾ ಬಂದ್. ಲ್ಯಾಪ್‌ಟಾಪ್ ತನ್ನ ಬ್ಯಾಟರಿ ಮ್ಯಾಲ, ಸ್ಲೀಪ್ ಆಫ್ ಮಾಡಿ, ವೈಫೈ ಬ್ಯಾಡ, ಕೇಬಲ್ ಹಚ್ಚಿ.

ಹಾಕೋ ಮೊದ್ಲ ಈಗಿನ ಕ್ಯಾಲಿಬ್ರೇಶನ್ ನಂಬರ್, ಇಸಿಎಂ ಪಾರ್ಟ್ ನಂಬರ್, ಎಂಜಿನ್ ನಂಬರ್ ಫೋಟೋ ಹೊಡ್ಕೋರಿ. ಟೈರ್ ಅಳತಿ, ಡಿಫರೆನ್ಶಿಯಲ್ ಅನುಪಾತ, ಸ್ಪೀಡ್ ಲಿಮಿಟ್, ಐಡಲ್ ಆರ್‌ಪಿಎಂ ಸೆಟ್ಟಿಂಗ್‌ನೂ ಬರ್ಕೋರಿ. ಇಂಜೆಕ್ಟರ್ ತಲಿ ಮ್ಯಾಲ ಕೋಡ್ ಇರೋ ಎಂಜಿನ್ನಾಗಿದ್ರ ಆರೂ ಕೋಡ್, ಸಿಲಿಂಡರ್ ಪ್ರಕಾರ. ಕೆಲವೊಮ್ಮೆ ಫ್ಲ್ಯಾಶ್ ಆದ ಮ್ಯಾಲ ಇವು ಅಳಿಸಿಹೋಗಿ ಫ್ಯಾಕ್ಟರಿ ಸೊನ್ನಿಗಿ ಬರ್ತಾವ. ಆಗ ಐಡಲ್ ನಡುಗ್ತದ, ಸ್ಪೀಡೋಮೀಟರ್ ಸುಳ್ಳು ಹೇಳ್ತದ, ಮಂದಿ ಹೊಸ ಫೈಲ್ ಕೆಟ್ಟದ ಅಂತ ಬೈತಾರ.

ಮುಗಿದ ಮ್ಯಾಲ ಕೀ ಬಂದ್ ಮಾಡಿ ಒಂದು ನಿಮಿಷ ಬಿಡ್ರಿ, ಇಸಿಎಂ ಒಳಗಿನ ಬರವಣಿಗಿ ಮುಗಿಸ್ಕೊಂಡು ಮಲಗಬೇಕು. ಆ ಹೊತ್ತಿನಾಗ ಬ್ಯಾಟರಿ ಕಟ್ ಸ್ವಿಚ್ ತಿರುವಬ್ಯಾಡ್ರಿ. ಆಮ್ಯಾಲ ಕೀ ಆನ್, ಫಾಲ್ಟ್ ಅಳಿಸಿ, ಐಡಲ್‌ನಾಗ ಹತ್ತು ನಿಮಿಷ, ಮತ್ತ ಫಾಲ್ಟ್ ಓದ್ರಿ. ಎಸ್‌ಪಿಎನ್ 629 ಉಳಿದ್ರ ಇಸಿಎಂ ಫೈಲನ್ನ ಒಪ್ಪಿಲ್ಲ, ಅಲ್ಲಿಂದ ಗಾಡಿ ತೆಗೀಬ್ಯಾಡ್ರಿ.

ಪಂಪ್ ಬೆಂಚ್, ಕಲಬುರಗಿ

ಹೊಸ ಫೈಲ್ ಹಾಕಿದ ಮ್ಯಾಲ ಅದೇ ಚಡಾವಿನಾಗ ಅದೇ ನಾಲ್ಕು ರೀಡಿಂಗ್ ಮತ್ತ ತಗೋರಿ. ಮೊದಲಿನವು ಹಾಳಿ ಮ್ಯಾಲ ಬರೆದು ಗಾಡಿ ಪುಸ್ತಕದಾಗ ಇಡ್ರಿ, ಮುಂದಿನ ಬ್ಯಾಸಿಗಿಗಿ ಹೋಲಿಸಲಿಕ್ಕ ಬೇಕಾಗ್ತಾವ. ಇನ್ನೊಂದು, ಲೋಡಿನ ಮ್ಯಾಲಿಂದ ಬಂದ ಗಾಡಿ ಒಮ್ಮೆಲೇ ಬಂದ್ ಮಾಡಬ್ಯಾಡ್ರಿ. ಮೂರರಿಂದ ಐದು ನಿಮಿಷ ಐಡಲ್ ಬಿಡ್ರಿ, ಟರ್ಬೋ ಬೇರಿಂಗಿನಾಗ ಎಣ್ಣಿ ಸುಟ್ಟು ಇದ್ದಲಿ ಆಗಂಗಿಲ್ಲ.

ಫರ್ಸಿ ಲೋಡ್, ಶಹಾಬಾದ್

ಮೂರು ಟ್ರಿಪ್ ಆದ್ವು, ಬಾಯಿತನಕ ತುಂಬಿಸಿದ ಲೆಕ್ಕ: 3.85. ಕ್ಯಾಲಿಬ್ರೇಶನ್ ಮುಂದಿನ ಸೋಮವಾರ ಹಾಕಸ್ತೀನಿ, ಸೆಟ್ಟಿಂಗ್ ಎಲ್ಲಾ ಬರ್ಕೊಂಡೀನಿ. ರೀಡಿಂಗ್ ಇಲ್ಲೇ ಹಾಕ್ತೀನ್ರಿ.